ಮೋಡವಾದ ನನ್ನ ಎಡಗಾಲಿನ ವಿಚಾರವಾಗಿ ಚಿಗರಿ ಎಂಬ ಕುದುರೆಗೆ

ಚನ್ನಗಿರಿ,
೨೬ ಜನವರಿ ೧೯೮೫

ಸವಳಂಗದ ಕೆರೆ ಕೆಳಗಿನ ಕೊಯ್ಲಾದ ಗದ್ದೆಯಲ್ಲಿ ಬೀಡುಬಿಟ್ಟಿರುವ, ಜಗಳೂರು ಕಡೆಯ ಕುರಿಗಾರ ಬೀರಲಿಂಗಪ್ಪನವರ ಕಂದು ಬಣ್ಣದ ಹೆಣ್ಣು ಕುದುರೆ ಚಿಗರಿ ಅವರ ಗೊರಸುಗಳ ಸನ್ನಿಧಿಗೆ,

ಮಾನ್ಯರೇ,

ತಾವೂ, ತಮ್ಮ ಬಾಲವೂ, ಆ ಬಾಲವನ್ನೇ ನಂಬಿ ಬದುಕಿರುವ ನೊಣಗಳೂ ಕ್ಷೇಮವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇನೆ. ದೂರಿಗೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ಒಂದು ವರ್ಷದಿಂದ ಮುಚ್ಚಿಟ್ಟ ಮಾತು. ಚನ್ನಗಿರಿ ಬಸ್ ನಿಲ್ದಾಣದ ಎದುರು ಮುರುಗೇಶಪ್ಪನವರ ಸ್ಟುಡಿಯೋದ ಗಾಜಿನ ಹಿಂದೆ ಕಟ್ಟು ಹಾಕಿಸಿ ನಿಲ್ಲಿಸಿರುವ, ಕೆಳಗೆ ‘ಚಿತ್ರ: ಎಂ. ಕರಿಬಸವ’ ಎಂದು ಬಿಳಿ ಬಣ್ಣದಲ್ಲಿ ಬರೆಸಿರುವ, ತಾವು ಎರಡೂ ಮುಂಗಾಲೆತ್ತಿ ಆಕಾಶಕ್ಕೆ ಏರುತ್ತಿರುವ ಆ ಹೆಸರುವಾಸಿ ಚಿತ್ರವನ್ನು ನಾನು ತೆಗೆದಿಲ್ಲ. ತೆಗೆದವರು ತಾವು. ಆ ಹೊತ್ತಿನಲ್ಲಿ ಛಾಯಾಗ್ರಾಹಕನೆನಿಸಿಕೊಂಡ ನಾನು ಗದ್ದೆಯ ಕೂಳೆಯ ಮೇಲೆ ಅಂಗಾತ ಬಿದ್ದಿದ್ದೆ, ಮತ್ತು ನನ್ನ ಎರಡೂ ಕಣ್ಣು ಮುಚ್ಚಿದ್ದವು.

ಇಷ್ಟು ದಿನ ಸುಮ್ಮನಿದ್ದವನು ಈಗೇಕೆ ಬಾಯಿಬಿಟ್ಟ ಎಂದು ತಾವು ಕಿವಿ ಹಿಂದಕ್ಕೆ ಮಡಿಸಬಹುದು. ಕಾರಣ ಇಷ್ಟೆ. ಮದರಾಸಿನಲ್ಲಿ ರೇಸ್ ಕುದುರೆಗಳ ಚಿತ್ರ ತೆಗೆಯುವ ದೊಡ್ಡ ಛಾಯಾಗ್ರಾಹಕರೊಬ್ಬರು ಆ ಚಿತ್ರವನ್ನು ನೋಡಿ, ಕೆರಳಿದ ಕುದುರೆಯ ಕಾಲಡಿ ಮಲಗಿಯೂ ಕೈ ನಡುಗದ ಆ ಹುಡುಗನನ್ನು ತಮ್ಮ ಬಳಿ ಕೆಲಸ ಕಲಿಯಲು ಕಳಿಸಿಕೊಡಿ ಎಂದು ಬರೆದಿದ್ದಾರೆ. ಇರುವುದು ಒಂದೇ ಜಾಗ. ನಾಡಿದ್ದು ಬೆಳಿಗ್ಗೆ ನಾನು ದಾವಣಗೆರೆಗೆ ಹೋಗಿ ರೈಲು ಹತ್ತಬೇಕು. ನಮ್ಮವ್ವ ಶಿವಗಂಗಮ್ಮ ಹಸಿರು ಬಣ್ಣದ ತಗಡಿನ ಟ್ರಂಕು ತಂದು, ಮುಚ್ಚಳದ ಮೇಲೆ ನನ್ನ ಹೆಸರು ಬರೆಸಿ, ಅಕ್ಷರ ಒಣಗುವ ಮೊದಲೇ ಅದನ್ನು ಬೀದಿಯವರಿಗೆಲ್ಲ ತೋರಿಸಿ ಬಂದಿದ್ದಾಳೆ. ಹೀಗಿರುವಾಗ ತಮ್ಮ ಕೃತಿಯನ್ನು ನನ್ನ ಹೆಸರಿನಲ್ಲಿ ಹೊತ್ತುಕೊಂಡು ಅಷ್ಟು ದೂರ ಹೋಗುವುದೋ ಬೇಡವೋ ಎಂಬ ಸಣ್ಣ ಪ್ರಶ್ನೆ ವಾರದಿಂದ ನನ್ನ ಊಟ ಕೆಡಿಸಿದೆ. ಇದರ ಸಂಪೂರ್ಣ ಹೊಣೆ ತಮ್ಮದೆಂದು ತಿಳಿಸಲು ವಿಷಾದಿಸುತ್ತೇನೆ.

ತಮಗೆ ನನ್ನ ಪರಿಚಯ ಇರುವುದು ಒಂದು ಕೋಟಿನ ವಾಸನೆಯ ಮೂಲಕ ಮಾತ್ರವಾದ್ದರಿಂದ ನನ್ನ ವಿಚಾರ ಸ್ವಲ್ಪ ಹೇಳಬೇಕು. ವಯಸ್ಸು ಹತ್ತೊಂಬತ್ತು. ಓದಿದ್ದು ಹತ್ತನೆಯ ತರಗತಿಯ ಅರ್ಧದವರೆಗೆ. ಶಾಲೆ ಬಿಡಲು ದಡ್ಡತನ ಕಾರಣವಲ್ಲ, ತನಿಖೆಗೆ ಬಂದ ಇನ್ಸ್‌ಪೆಕ್ಟರು ಕಾರಣ. ಅವರು ಬೇರೆ ಯಾರನ್ನೂ ಕೇಳದೆ ನನ್ನನ್ನೇ ಎಬ್ಬಿಸಿ, ಬೀರುವಿನಲ್ಲಿರುವ ಸೂಕ್ಷ್ಮದರ್ಶಕದಲ್ಲಿ ಏನೇನು ನೋಡಿದ್ದೀಯ ಎಂದು ಕೇಳಿದರು. ನಾನು ಅದರ ಪೆಟ್ಟಿಗೆಯೊಳಗೆ ಹೆಡ್‌ಮಾಸ್ಟರರ ಎಲೆ ಅಡಿಕೆ ಮಾತ್ರ ನೋಡಿದ್ದೇನೆ ಎಂದೆ. ಅಲ್ಲಿಂದ ಮುಂದೆ ನನಗೆ ಶಾಲೆಯಲ್ಲಿ ಕೂರಲು ಜಾಗ ಇಕ್ಕಟ್ಟಾಯಿತು. ನಮ್ಮವ್ವ ಅಂದು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ನಿಜ ಹೇಳಬ್ಯಾಡ ಅಂತ ನಾನು ಅಂದಿಲ್ಲಪ್ಪ, ಆದ್ರೆ ಕೇಳಿದಷ್ಟೂ ಹೇಳಬೇಕು ಅಂತ ಎಲ್ಲೈತೆ?”

ಆಮೇಲೆ ನಾಲ್ಕು ತಿಂಗಳು ಬಸ್ ಏಜೆಂಟನಾಗಿ, ಎರಡು ತಿಂಗಳು ಗಿರಣಿಯಲ್ಲಿ ಹಿಟ್ಟು ಬಳಿಯುವವನಾಗಿ, ಎಲ್ಲೂ ಕಾಲು ನಿಲ್ಲದೆ ಕೊನೆಗೆ ಮುರುಗೇಶಪ್ಪನವರ ಸ್ಟುಡಿಯೋ ಸೇರಿದೆ. ನಿಜ ಹೇಳುವವನಿಗೆ ಅದಕ್ಕಿಂತ ಕಷ್ಟದ ಜಾಗ ಮತ್ತೊಂದಿಲ್ಲ. ಅಲ್ಲಿ ಗೋಡೆಯ ಮೊಳೆಗೆ ಒಂದು ಕಡುನೀಲಿ ಕೋಟು ನೇತುಹಾಕಿದೆ. ಸಂತೇಬೆನ್ನೂರಿನಿಂದ ನಲ್ಲೂರಿನವರೆಗೆ ಹೆಣ್ಣು ನೋಡಲು ಹೊರಟ ಪ್ರತಿ ಗಂಡೂ ಅದೇ ಕೋಟು ತೊಟ್ಟು ಚಿತ್ರ ತೆಗೆಸಿಕೊಂಡಿದ್ದಾನೆ. ಒಬ್ಬಳೇ ಹುಡುಗಿಗೆ ಮೂರು ಕಡೆಯಿಂದ ಸಂಬಂಧ ಬಂದು, ಮೂರು ಫೋಟೋ ಒಟ್ಟಿಗೆ ಇಟ್ಟು ನೋಡಿದ ಅವಳ ಅಜ್ಜಿ, ಕೋಟೇನೋ ಒಳ್ಳೆ ಮನೆತನದ್ದು, ಅದಕ್ಕೇ ಕೊಟ್ಟುಬಿಡಿ ಎಂದಳಂತೆ.

ಇನ್ನೊಂದು ವಿದ್ಯೆಯನ್ನೂ ನಾನು ಅಲ್ಲೇ ಕಲಿತೆ. ಒಂದು ರೀಲಿಗೆ ಬರುವುದು ಹನ್ನೆರಡೇ ಚಿತ್ರ, ಮದುವೆ ಮನೆಯಲ್ಲಿ ವಧೂವರರ ಪಕ್ಕ ನಿಲ್ಲಬೇಕೆನ್ನುವ ಸೋದರಮಾವಂದಿರು ಇನ್ನೂರು ಜನ. ಯಾರನ್ನೂ ನಿರಾಶೆಗೊಳಿಸಬಾರದೆಂದು ಮುರುಗೇಶಪ್ಪನವರು, ಫಿಲಂ ಸುತ್ತದೆಯೇ ಬರೀ ಬೆಳಕು ಹೊಡೆದು ಕಳಿಸುವುದನ್ನು ಹೇಳಿಕೊಟ್ಟರು. ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ, ಬೆಳಕು ಬೀಳುತ್ತದೆ, ತೃಪ್ತಿಯಿಂದ ಊಟಕ್ಕೆ ಹೋಗುತ್ತಾರೆ. ಎಲ್ಲ ಸ್ಟುಡಿಯೋದವರೂ ಮಾಡುವ ಕೆಲಸ ಇದು. ನಾನೂ ಮಾಡಿದ್ದೇನೆ. ಇದನ್ನು ತಮ್ಮ ಮುಂದೆ ಹೇಳಲು ಕಾರಣವಿದೆ. ಈ ವಿದ್ಯೆಯನ್ನು ನೋಡಿದ ತಕ್ಷಣ ಕಂಡುಹಿಡಿದವರು ಈ ಸೀಮೆಯಲ್ಲಿ ತಾವೊಬ್ಬರೇ.

ಹೋದ ವರ್ಷದ ಶಿಬಿರ ತಮಗೆ ನೆನಪಿರಬಹುದು. ರೇಸ್ ಮೈದಾನಗಳಲ್ಲಿ ಇಪ್ಪತ್ತು ವರ್ಷ ಕುದುರೆಗಳ ಚಿತ್ರ ತೆಗೆದು, ಬೆನ್ನು ನೋವು ತಂದುಕೊಂಡು, ಹುಟ್ಟೂರಾದ ನ್ಯಾಮತಿಗೆ ಮರಳಿದ ಧರ್ಮಪ್ಪನವರು ಸುತ್ತಲ ಸ್ಟುಡಿಯೋ ಹುಡುಗರಿಗಾಗಿ ನಡೆಸಿದ ಮೂರು ದಿನದ ‘ಪ್ರಾಯೋಗಿಕ ಅಶ್ವ ಛಾಯಾಗ್ರಹಣ ಶಿಬಿರ’ ಅದು. ಕರಪತ್ರ ನೋಡಿದ ಮುರುಗೇಶಪ್ಪನವರು, ಮೆರವಣಿಗೆಯ ಚಿತ್ರಗಳಲ್ಲಿ ಮದುಮಗನಿಗೆ ತಲೆ ಬಂದರೆ ಕುದುರೆಗೆ ಬರುವುದಿಲ್ಲ, ಕುದುರೆಗೆ ಬಂದರೆ ಮದುಮಗನಿಗೆ ಬರುವುದಿಲ್ಲ ಎಂಬ ಹಳೆಯ ಚಿಂತೆಯಿಂದ ನನ್ನನ್ನು ಕಳಿಸಿದರು. ಚನ್ನಗಿರಿಯಿಂದ ನಾನು, ಹೊನ್ನಾಳಿಯಿಂದ ಇಬ್ಬರು, ನ್ಯಾಮತಿಯಿಂದ ಒಬ್ಬ, ಜಗಳೂರಿನಿಂದ ಚಿಕ್ಕಹನುಮಂತಪ್ಪ ಎಂಬ ಮಾತೇ ಆಡದ ಒಬ್ಬ. ರೇಸು ನೋಡಿ ಬಂದವರ ಮುಂದೆ ನಮ್ಮ ಮರ್ಯಾದೆ ಹೋಗಬಾರದು ಎಂದು ಮುರುಗೇಶಪ್ಪನವರು ಮೊಳೆಯ ಮೇಲಿದ್ದ ಆ ಕೋಟನ್ನು ಕೊಡವಿ ನನಗೆ ತೊಡಿಸಿದರು. ಕುರಿಗಳ ನಡುವೆ, ಹಿಕ್ಕೆಯ ಮೇಲೆ, ಹಗಲು ಬಿಸಿಲಿನಲ್ಲಿ, ಒಂದು ಜಿಲ್ಲೆಯ ಮದುಮಕ್ಕಳ ಬೆವರಿನ ಕೋಟು ತೊಟ್ಟು ನಾನು ತಮ್ಮೆದುರು ನಿಂತೆ. ತಾವು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಸಾವಕಾಶವಾಗಿ ತಿರುಗಿ, ಹಿಂಭಾಗ ತೋರಿಸಿದಿರಿ.

ಮೊದಲ ದಿನ ಕ್ಯಾಮೆರಾ ಮುಟ್ಟಬಾರದೆಂದು ಧರ್ಮಪ್ಪನವರು ಕಟ್ಟಪ್ಪಣೆ ಮಾಡಿದರು. ಬರೀ ಮೈ ಉಜ್ಜಬೇಕು, ನೀರು ಕುಡಿಸಬೇಕು, ಗೊರಸಿನ ಮಣ್ಣು ತೆಗೆಯಬೇಕು, ಅಂಗೈಯಲ್ಲಿ ಬೆಲ್ಲ ತಿನ್ನಿಸಬೇಕು. “ನೀವು ಸ್ಟುಡಿಯೋದಾಗೆ ಮನುಷ್ಯರನ್ನ ಗೊಂಬೆ ಮಾಡ್ತೀರಿ. ಗದ್ದ ಎತ್ತು ಅಂತೀರಿ, ಎತ್ತುತಾರೆ. ಕುದುರೆನ ಗೊಂಬೆ ಮಾಡಾಕೆ ಆಗಲ್ಲ. ಅದರ ಜೊತೆ ಬಾಳ್ವೆ ಮಾಡಬೇಕು” ಎಂದರು. ನಾನು ಬಾಳ್ವೆ ಮಾಡಲು ತಯಾರಿದ್ದೆ. ತಾವು ಬೆಲ್ಲವನ್ನು ಮಾತ್ರ ಒಪ್ಪಿಕೊಂಡಿರಿ. ಬೀರಲಿಂಗಪ್ಪನವರು ಬೀಡಿ ಕಚ್ಚಿಕೊಂಡೇ ಸಮಾಧಾನ ಹೇಳಿದರು: “ಬೇಜಾರ್ ಮಾಡ್ಕೋಬ್ಯಾಡ ತಮ್ಮಾ. ಅದಕ್ಕೆ ನೀನು ಕಾಣ್ತಿಲ್ಲ, ನಿನ್ನ ಜೇಬು ಕಾಣ್ತೈತೆ.” ಓಟದಲ್ಲಿ ಚಿಗರೆಯನ್ನು ಮೀರಿಸುತ್ತೀರೆಂದು ತಮಗೆ ಈ ಹೆಸರಿಟ್ಟಿದ್ದಾಗಿ ಹೇಳಿದವರೂ ಅವರೇ. ಯಾವಾಗ ಓಡುತ್ತದೆ ಎಂದು ಕೇಳಿದ್ದಕ್ಕೆ, ಇನ್ನೂ ಓಡಿದ್ದು ನೋಡಿಲ್ಲ, ಹೆಸರು ಮೊದಲೇ ಇಟ್ಟುಬಿಟ್ವಿ ಎಂದರು.

ಎರಡನೆಯ ದಿನ ಖಾಲಿ ಕ್ಯಾಮೆರಾ ಕೊಟ್ಟು, ಫಿಲಂ ಇಲ್ಲದೆ ಇಡೀ ದಿನ ಗುಂಡಿ ಒತ್ತಬೇಕೆಂದರು. ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು, ಏಕೆಂದರೆ ಈ ಒಂದು ವಿಷಯದಲ್ಲಿ ನಮಗೆ ಯಾರಿಗೂ ಕಲಿಯುವುದು ಬಾಕಿ ಇರಲಿಲ್ಲ. ಆ ದಿನದ ತಮ್ಮ ನಡವಳಿಕೆಯನ್ನು ನಾನು ಸಾಯುವವರೆಗೂ ಮರೆಯಲಾರೆ. ಬೆಳಿಗ್ಗೆ ಎಳೆಬಿಸಿಲಿಗೆ ಕುತ್ತಿಗೆ ಬಿಲ್ಲಿನಂತೆ ಬಾಗಿಸಿ ನಿಂತಿರಿ. ಕೆರೆಯ ಏರಿಯ ಮೇಲೆ ಜೂಲು ಹಾರಿಸಿದಿರಿ. ನೀರು ಕುಡಿದು ಮೂತಿ ಎತ್ತಿ, ಹನಿ ಬೀಳುತ್ತಿರುವಂತೆಯೇ ನನ್ನ ಕಡೆ ತಿರುಗಿ ಕಿವಿ ನಿಮಿರಿಸಿದಿರಿ. ಸಂಜೆ ಬಿಸಿಲು ಕೆಂಪಗಾದಾಗ, ಯಾರೂ ಕೇಳದಿದ್ದರೂ, ಒಂದು ಸುತ್ತು ಓಡಿಯೂ ಬಂದಿರಿ. ಬೀರಲಿಂಗಪ್ಪನವರು ಬಾಯಲ್ಲಿನ ಬೀಡಿ ತೆಗೆದು ನೋಡಿದರು. ನಾನು ಇನ್ನೂರು ಸಲ ಗುಂಡಿ ಒತ್ತಿದೆ. ಇನ್ನೂರೂ ಅಮೋಘ ಚಿತ್ರಗಳು, ಒಂದೂ ಇಲ್ಲ. ಸೋದರಮಾವಂದಿರ ಶಾಪವೆಲ್ಲ ತಮ್ಮ ರೂಪದಲ್ಲಿ ಬಂದು ನನ್ನ ಮುಂದೆ ಕುಣಿದಂತಾಯಿತು.

ಮೂರನೆಯ ದಿನ ತಲೆಗೊಂದು ರೀಲು ಕೊಟ್ಟರು. ಫಿಲಂ ಸುತ್ತುವ ಸದ್ದು ಕೇಳಿದ್ದೇ ತಡ, ತಾವು ಹಿಂದಿನ ದಿನದ ಕುದುರೆಯೇ ಅಲ್ಲ. ನನ್ನ ಮೊದಲ ಚಿತ್ರದಲ್ಲಿ ತಮ್ಮ ಬಾಲವಿದೆ. ಎರಡನೆಯದರಲ್ಲಿ ಅದೇ ಬಾಲ, ಸ್ವಲ್ಪ ಎತ್ತಿದ್ದು, ಮತ್ತು ಅದರ ಫಲವಾದ ಲದ್ದಿ. ಅಷ್ಟರಲ್ಲಿ ಬೀರಲಿಂಗಪ್ಪನವರು ಕೈ ತಟ್ಟಿ ತಮ್ಮನ್ನು ನಾಲ್ಕು ಹೆಜ್ಜೆ ಓಡಿಸಿದರು. ನಮ್ಮ ಸ್ಟುಡಿಯೋದ ಕ್ಯಾಮೆರಾ ಎರಡು ಕಣ್ಣಿನ ಹಳೆಯ ಪೆಟ್ಟಿಗೆ. ಅದನ್ನು ಎದೆಗೆ ನೇತುಹಾಕಿಕೊಂಡು ಮೇಲಿನ ಗಾಜಿನೊಳಗೆ ಬಗ್ಗಿ ನೋಡಬೇಕು, ಅಲ್ಲಿ ಎಡಗಡೆಯದು ಬಲಕ್ಕೆ ಕಾಣುತ್ತದೆ. ಕೂತ ಮನುಷ್ಯರ ಚಿತ್ರ ತೆಗೆಯುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ತಾವು ಬಲಕ್ಕೆ ಓಡಿದಿರಿ, ಗಾಜಿನಲ್ಲಿ ಎಡಕ್ಕೆ ಓಡಿದಿರಿ, ನಾನು ಗಾಜನ್ನು ನಂಬಿ ಎಡಕ್ಕೆ ತಿರುಗಿದೆ. ಹೀಗೆ ನಾಲ್ಕು ಸಲ. ಆ ನಾಲ್ಕೂ ಚಿತ್ರಗಳಲ್ಲಿ ಸವಳಂಗದ ಗದ್ದೆ ಬಹಳ ಚೆನ್ನಾಗಿ ಬಂದಿದೆ, ಕುದುರೆಯ ಅಡಚಣೆ ಎಲ್ಲೂ ಇಲ್ಲ.

ಆಗ ನನಗೆ ಸ್ಟುಡಿಯೋ ಬುದ್ಧಿ ಬಂತು. ನಿಲ್ಲಿಸಿಯೇ ತೆಗೆಯೋಣ ಎಂದು ತಮ್ಮ ಎದುರು ಹೋಗಿ, ಗಿರಾಕಿಗಳಿಗೆ ಹೇಳುವ ಅದೇ ಧಾಟಿಯಲ್ಲಿ, “ಸ್ವಲ್ಪ ಗದ್ದ ಮ್ಯಾಲೆ ಮಾಡ್ರಿ, ಕಣ್ಣು ಮುಚ್ಚಬ್ಯಾಡ್ರಿ, ಉಸಿರು ಹಿಡೀರಿ” ಎಂದೆ. ಹೊನ್ನಾಳಿಯ ಇಬ್ಬರೂ ನಕ್ಕು ಕೆಳಗೆ ಕೂತರು. ಧರ್ಮಪ್ಪನವರು ಕುದುರೆಗೆ ಪೌಡರ್ ಹಚ್ಚಿಲ್ಲವಲ್ಲ ಸದ್ಯ ಎಂದರು. ನಾನು ಹಚ್ಚುವವನೇ ಇದ್ದೆ, ಡಬ್ಬಿ ತಂದಿರಲಿಲ್ಲ. ತಮ್ಮ ಹಣೆಯ ಬಿಳಿ ಪಟ್ಟೆ ನೇರವಾಗಿ ಕಾಣಲೆಂದು ಇನ್ನೆರಡು ಹೆಜ್ಜೆ ಹತ್ತಿರ ಬಂದೆ. ಕೋಟಿನ ಎದೆಯ ಎಡಜೇಬಿನಲ್ಲಿ ಮೊದಲ ದಿನದ ಬೆಲ್ಲದ ಅಚ್ಚೊಂದು ಉಳಿದಿತ್ತೆಂಬುದು ನನಗೆ ಮರೆತಿತ್ತು, ತಮಗೆ ಮರೆತಿರಲಿಲ್ಲ. ತಾವು ಜೇಬಿಗೆ ಬಾಯಿ ಹಾಕಿದಿರಿ. ನಾನು ಹಿಂದಕ್ಕೆ ಎಳೆದೆ, ತಾವು ಮುಂದಕ್ಕೆ ಎಳೆದಿರಿ. ಜೇಬು ಪರ್ರನೆ ಹರಿದು ತಮ್ಮ ಬಾಯಲ್ಲಿ ಉಳಿಯಿತು, ನಾನು ಅಂಗಾತ ಬಿದ್ದೆ, ಬಿದ್ದ ರಭಸಕ್ಕೆ ಕಾಲು ಮೇಲೆದ್ದಿತು, ಆ ಕಾಲನ್ನು ಕಂಡು ಬೆದರಿ ತಾವು ಎರಡೂ ಮುಂಗಾಲೆತ್ತಿ ನನ್ನ ಮೇಲೆ ನಿಂತಿರಿ, ಎದೆಯ ಮೇಲಿದ್ದ ಕ್ಯಾಮೆರಾ ಆಕಾಶ ನೋಡುತ್ತಿತ್ತು, ಹೆದರಿಕೆಗೆ ಬಿಗಿದ ನನ್ನ ಬೆರಳಿನ ಕೆಳಗೆ ಗುಂಡಿ ಇತ್ತು. ಕಣ್ಣು ಮುಚ್ಚಬೇಡಿ ಎಂದು ಎರಡು ವರ್ಷ ಊರಿಗೆಲ್ಲ ಬೈದವನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದ ಎಂಬುದನ್ನು ಆಗಲೇ ಹೇಳಿದ್ದೇನೆ. ತಮ್ಮ ಗೊರಸುಗಳು ನನ್ನ ಎರಡೂ ಪಕ್ಕೆಯ ಆಚೆ ಇಳಿದವು. ಆ ಕೃಪೆಗೆ ಈಗಲೂ ಋಣಿ. ಉಳಿದ ಐದು ಚಿತ್ರಗಳನ್ನು ಯಾರು ಹೇಗೆ ತೆಗೆದರೋ ಗೊತ್ತಿಲ್ಲ, ಐದರಲ್ಲೂ ನೆಲವಿದೆ.

ಕತ್ತಲೆ ಕೋಣೆಯಲ್ಲಿ ನೆಗೆಟಿವ್ ತೊಳೆದ ಮುರುಗೇಶಪ್ಪನವರು ಮೊದಲು ಹರಿದ ಜೇಬಿನ ವಿಚಾರವಾಗಿ ನನಗೆ ಮಂಗಳಾರತಿ ಎತ್ತಿ, ಆಮೇಲೆ ಏಳನೆಯ ಚಿತ್ರವನ್ನು ಎರಡು ಸಲ ಬೆಳಕಿಗೆ ಹಿಡಿದು ನೋಡಿದರು. ಅದು ನಿಜವಾಗಿಯೂ ಬೆರಗಿನ ಚಿತ್ರ. ತಮ್ಮ ಹೊಟ್ಟೆ, ಎದೆ, ಆಕಾಶಕ್ಕೆ ಚಿಮ್ಮಿದ ಎರಡು ಗೊರಸು, ಗಾಳಿಗೆದ್ದ ಜೂಲು. ಒಂದೇ ಕುಂದು ಎಂದರೆ ಮೂಲೆಯಲ್ಲಿ, ಆಕಾಶದ ನಡುವೆ, ಚಪ್ಪಲಿ ಕಳಚಿದ ನನ್ನ ಎಡಗಾಲು. ಮುರುಗೇಶಪ್ಪನವರ ಪೆನ್ಸಿಲ್ ಕೈಚಳಕ ಈ ಭಾಗದಲ್ಲಿ ಪ್ರಸಿದ್ಧ. ನೆಗೆಟಿವ್ ಮೇಲೆ ಮೊನೆ ಆಡಿಸಿ ಅವರು ಸಿಡುಬಿನ ಕಲೆ ಅಳಿಸಿದ್ದಾರೆ, ಮಾಲುಗಣ್ಣು ನೆಟ್ಟಗೆ ಮಾಡಿದ್ದಾರೆ, ಮೀಸೆ ಬಾರದ ಮದುಮಗನಿಗೆ ಒಂದು ಮಧ್ಯಾಹ್ನದಲ್ಲಿ ಮೀಸೆ ತರಿಸಿದ್ದಾರೆ. ಒಂದು ಗಂಟೆ ಕೂತು ನನ್ನ ಎಡಗಾಲನ್ನು ಮೋಡ ಮಾಡಿದರು. ಸುಳ್ಳಾಗುತ್ತದಲ್ಲ ಎಂದೆ. “ಸುಳ್ಳು ಎಲ್ಲೈತೋ? ಇದು ರೀಟಚ್” ಎಂದರು.

ಆ ಚಿತ್ರ ಗಾಜಿನ ಹಿಂದೆ ನಿಂತಿತು, ಒಂದು ವಾರಪತ್ರಿಕೆಯಲ್ಲಿ ಅಚ್ಚಾಯಿತು, ಧರ್ಮಪ್ಪನವರ ಪತ್ರದ ಜೊತೆ ಮದರಾಸಿಗೂ ಹೋಯಿತು. ಬಸ್ಸಿಗೆ ಕಾಯುವವರು ನಿಂತು ನೋಡಿ, ಕುದುರೆಗಿಂತ ಆ ಮೋಡವನ್ನೇ ಹೆಚ್ಚು ಮೆಚ್ಚಿದರು. ನಾನು ಸುಳ್ಳು ಹೇಳಲಿಲ್ಲ ಎಂಬುದಕ್ಕೆ ತಾವಲ್ಲದಿದ್ದರೂ ಸಾಕ್ಷಿಗಳಿದ್ದಾರೆ. “ಹೆದರಿಕೆ ಆಗಲಿಲ್ವೇನೋ?” ಎಂದವರಿಗೆ ಬಹಳ ಆಯಿತು ಎಂದೆ, ದೊಡ್ಡವರೆಲ್ಲ ಹಿಂಗೇ ಅನ್ನೋದು ಎಂದರು. “ಹೆಂಗೆ ಹೊಡೆದೆಯೋ ಇದನ್ನ?” ಎಂದವರಿಗೆ ಬಿದ್ದೆ, ಬಂತು ಎಂದೆ, ಎಷ್ಟು ವಿನಯ ನೋಡು ಎಂದು ಬೆನ್ನು ತಟ್ಟಿದರು. ಶಾಲೆಯಲ್ಲಿ ನಿಜ ಹೇಳಿ ಹೊರಗೆ ಬಿದ್ದವನು ಇಲ್ಲಿ ನಿಜ ಹೇಳಿದಷ್ಟೂ ಮೇಲೆ ಹೋದೆ. ಆಮೇಲೆ ಒಂದು ದಿನ ನಮ್ಮವ್ವ ಬಂದು, ಸೆರಗಿನಿಂದ ಗಾಜು ಒರೆಸಿ, ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ, “ಇದು ನೀನೇ ತೆಗೆದದ್ದೇನೋ?” ಎಂದಳು. ಅದೊಂದು ಸಲ ನಾನು ಏನೂ ಹೇಳಲಿಲ್ಲ. ಮಾನ್ಯರೇ, ನಾನು ಮುಚ್ಚಿಟ್ಟದ್ದು ಅದನ್ನೇ. ಅವಳು ಕೇಳಿದಷ್ಟಕ್ಕೂ ಉತ್ತರ ಹೇಳಬೇಕಿತ್ತು.

ಹಾಗಾಗಿ ತಮ್ಮಲ್ಲಿ ನನ್ನ ಕೆಲವು ಬೇಡಿಕೆಗಳಿವೆ. ಆ ಚಿತ್ರ ತಮ್ಮದೇ ಎಂಬುದಕ್ಕೆ ಇದರ ಜೊತೆ ಇಟ್ಟಿರುವ ಬಿಳಿ ಹಾಳೆಯ ಮೇಲೆ ಬಲಮುಂಗಾಲಿನ ಗೊರಸನ್ನು ಒತ್ತಿ ರುಜು ಮಾಡಿಕೊಡಬೇಕು, ಕೆಸರು ತಾವೇ ಹೊಂದಿಸಿಕೊಳ್ಳತಕ್ಕದ್ದು. ಅಥವಾ ಅದೇ ಗದ್ದೆಯಲ್ಲಿ, ಅದೇ ಬಿಸಿಲಿನಲ್ಲಿ ಇನ್ನೊಮ್ಮೆ ಮುಂಗಾಲೆತ್ತಿ ನಿಂತು, ನಾನು ಕಣ್ಣು ತೆರೆದುಕೊಂಡು ತೆಗೆಯುವವರೆಗೂ ಕಾಲು ಕೆಳಗಿಡದೆ ಸಹಕರಿಸಬೇಕು. ಹರಿದ ಜೇಬಿನಿಂದಾಗಿ ಒಂದು ವರ್ಷದಿಂದ ಈ ಸೀಮೆಯ ಮದುಮಕ್ಕಳೆಲ್ಲ ಎಡಗೈಯನ್ನು ಎದೆಗೆ ಅಡ್ಡ ಹಿಡಿದೇ ಚಿತ್ರ ತೆಗೆಸಿಕೊಳ್ಳಬೇಕಾಗಿದೆ. ಹೆಣ್ಣಿನ ಕಡೆಯವರು ಗಂಡಿಗೆ ಎದೆನೋವೇನಾದರೂ ಇದೆಯೇ ಎಂದು ವಿಚಾರಿಸುತ್ತಿದ್ದಾರೆ. ಅವರಿಗೆಲ್ಲ ತಾವೇ ಖುದ್ದಾಗಿ ಹೋಗಿ ಸಮಜಾಯಿಷಿ ಕೊಡಬೇಕು. ಬೆಲ್ಲವನ್ನು ಹಿಂದಿರುಗಿಸಬೇಕೆಂದು ಒತ್ತಾಯವಿಲ್ಲ.

ನಗೆಯ ಮಾತು ಹಾಗಿರಲಿ, ಒಂದು ವಿಷಯಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ. ಶಿಬಿರದ ಕೊನೆಯ ದಿನ ನಾನು ಕೈ ತರಚಿಕೊಂಡು ಮೂಲೆಯಲ್ಲಿ ಕೂತಾಗ, ಚಿಕ್ಕಹನುಮಂತಪ್ಪನ ಸರದಿ ಬಂತು. ಅವನು ತಮ್ಮನ್ನು ಕರೆಯಲಿಲ್ಲ, ಓಡಿಸಲಿಲ್ಲ, ಗದ್ದ ಎತ್ತಿಸಲಿಲ್ಲ. ಪಕ್ಕದಲ್ಲಿ ಕೂತು ಕಡಲೆ ತಿಂದ. ಮಧ್ಯಾಹ್ನ ಇಳಿದ ಮೇಲೆ, ತಾವು ನಿಂತಲ್ಲೇ ತೂಕಡಿಸುವಾಗ, ತಮ್ಮ ಬೆನ್ನಿನ ಚೀಲದಿಂದ ಎಳೆ ಕುರಿಮರಿಯೊಂದು ತಲೆ ಹೊರಹಾಕಿ ತಮ್ಮ ಕಿವಿಯನ್ನೇ ನೋಡುತ್ತಿತ್ತು. ಅದನ್ನು ಅವನು ಒಂದೇ ಸಲ ತೆಗೆದ, ಕಣ್ಣು ತೆರೆದುಕೊಂಡು. ಉಳಿದ ಫಿಲಂ ಹಾಗೆಯೇ ವಾಪಸು ಕೊಟ್ಟ. ಆ ಚಿತ್ರವೂ ಧರ್ಮಪ್ಪನವರ ಬಳಿ ಇದೆ. ನಿಂತ ಕುದುರೆಯನ್ನು ನೋಡುವವರು ಯಾರು, ಎಲ್ಲರೂ ಹಾರುವ ಕುದುರೆಯ ಹಿಂದೆ ಹೋದರು. ಮದರಾಸಿನಲ್ಲಿರುವುದು ಒಂದೇ ಜಾಗ, ಮತ್ತು ಆ ಜಾಗದಲ್ಲಿ ನನ್ನ ಎಡಗಾಲು ಮೋಡದ ವೇಷ ಹಾಕಿಕೊಂಡು ಕೂತಿದೆ.

ಆದ್ದರಿಂದ ಈ ಪತ್ರದ ಒಂದು ಪ್ರತಿಯನ್ನು ನಾಳೆ ಬೆಳಿಗ್ಗೆ ಸ್ಟುಡಿಯೋದ ಗಾಜಿಗೆ, ಆ ಚಿತ್ರದ ಪಕ್ಕದಲ್ಲೇ, ಅಂಟಿಸುತ್ತೇನೆ. ಇನ್ನೊಂದನ್ನು ನ್ಯಾಮತಿಗೆ ಹೋಗಿ ಧರ್ಮಪ್ಪನವರ ಕೈಗೆ ಕೊಡುತ್ತೇನೆ. ಮೂಲ ಪ್ರತಿ ತಮಗೆ. ತಿನ್ನುವ ಮೊದಲು ಬೀರಲಿಂಗಪ್ಪನವರು ಯಾರಿಂದಲಾದರೂ ಓದಿಸಿ ಕೇಳಲಿ ಎಂದು ಪ್ರಾರ್ಥನೆ.

ತಮ್ಮ ಕೀರ್ತಿಯಲ್ಲಿ ಒಂದು ವರ್ಷ ಪುಕ್ಕಟೆ ಬಾಳಿದ, ತಮ್ಮ ಹಿಂಗಾಲುಗಳಿಂದ ಸದಾ ಆರು ಅಡಿ ದೂರದಲ್ಲಿರುವ,
ತಮ್ಮ ವಿಶ್ವಾಸಿ,
ಎಂ. ಕರಿಬಸವ

ಮರೆತ ಮಾತು, ೨೭ನೇ ತಾರೀಖು, ಸವಳಂಗದಿಂದ: ಗಾಜಿಗೆ ಅಂಟಿಸಿದ್ದನ್ನು ಓದಿದ ಮುರುಗೇಶಪ್ಪನವರು ನನ್ನನ್ನು ಬೈಯುವ ಮೊದಲು ‘ಮೀಸೆ’ ಎಂಬ ಮಾತಿನ ಮೇಲೆ ಶಾಯಿ ಬಳಿದರು. ಆ ಮದುಮಗನ ಮಾವನವರು ಪೇಟೆಗೆ ಬಂದಿದ್ದರಂತೆ. ನಮ್ಮವ್ವನಿಗೆ ನಾನೇ ಓದಿ ಹೇಳಿದೆ. ಪೂರ್ತಿ ಕೇಳಿ, “ಬಿದ್ದೋನು ನೀನು, ಕಾಲು ನಿಂದು, ಬಟನ್ ಒತ್ತಿದ ಬೆರಳೂ ನಿಂದೇ. ಕುದುರೆದೇನೈತೆ ಅದರಾಗೆ?” ಎಂದಳು. ಆಮೇಲೆ ಟ್ರಂಕಿನ ಮುಚ್ಚಳ ಮುಚ್ಚುತ್ತ, “ಅವತ್ತೇ ಹೇಳಿದ್ರೆ ಟ್ರಂಕಾದ್ರೂ ಸಣ್ಣದು ತರ್ತಿದ್ದೆ” ಎಂದಳು. ಧರ್ಮಪ್ಪನವರು ಓದಿ, ಕನ್ನಡಕ ತೆಗೆದು, ಮೇಜಿನ ಖಾನೆಯಿಂದ ಆ ಚಿತ್ರ ಹೊರತೆಗೆದು ಮೋಡದ ಮೇಲೆ ಬೆರಳಿಟ್ಟರು. “ಮೋಡಕ್ಕೆ ಹೆಬ್ಬೆರಳು ಇರಲ್ಲ ಕಣೋ. ನೀನು ಬಿದ್ದದ್ದು ನನ್ನ ಎದುರಿಗೇ, ಕಾಲು ಅಳಿಸಿದ್ದು ಚಿತ್ರ ನೋಡಿದ ದಿನಾನೇ ಗೊತ್ತಾತು. ನೀನೇ ಹೇಳ್ತೀಯ ಅಂತ ಒಂದು ವರ್ಷ ಕಾದೆ, ಮದರಾಸಿಗೆ ಕಳಿಸಿದ್ರಾದ್ರೂ ಬಾಯಿಬಿಡ್ತೀಯ ಅಂತ ಕಳಿಸಿದೆ. ರೇಸಿನಾಗೆ ಇಷ್ಟು ತಡ ಮಾಡಿದ್ರೆ ಕುದುರೆ ಜಟಕಾ ಎಳೆಯಾಕೆ ಹೋಗಿರ್ತೈತೆ” ಎಂದರು. ನಾನು ಹೇಳದೇ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಮದರಾಸಿನವನಿಗೂ ಕಣ್ಣೈತೆ, ಇವತ್ತಲ್ಲ ನಾಳೆ ಅವನೇ ನಿನ್ನ ಓಡಿಸ್ತಿದ್ದ ಎಂದರು. ಚಿಕ್ಕಹನುಮಂತಪ್ಪನಿಗೆ ಜಗಳೂರಿಗೆ ತಂತಿ ಹೋಗಿದೆ. ನನ್ನ ರೈಲಿನ ಜಾಗ ಈಗ ಅವನದು.

ನನಗೆ ಧರ್ಮಪ್ಪನವರು ತಮ್ಮ ಹಳೆಯ ಕ್ಯಾಮೆರಾ ಕೊಟ್ಟಿದ್ದಾರೆ. ರೀಲು ಕೊಟ್ಟಿಲ್ಲ, ಎರಡು ತಿಂಗಳು ಖಾಲಿಯೇ ಹೊಡಿ ಎಂದಿದ್ದಾರೆ. ತಾವು ಮನಸ್ಸು ಬಿಚ್ಚಿ ಕುಣಿಯಬಹುದು. ಬೀರಲಿಂಗಪ್ಪನವರನ್ನು ಜಗಳೂರಿನವರೆಗೆ ಮಂದೆಯ ಜೊತೆ ಬರಲೇ ಎಂದು ಕೇಳಿದ್ದಕ್ಕೆ, “ಫೋಟ ಹೊಡಿ, ಬ್ಯಾಡ ಅನ್ನಲ್ಲ. ಮೊದಲು ಮರಿ ಎತ್ಕೊಳ್ಳಾಕೆ ಕಲಿ” ಎಂದರು. ಬೆಳಿಗ್ಗೆ ಪತ್ರ ಕೇಳಿದ ಮೇಲೂ ನಮ್ಮವ್ವ ಟ್ರಂಕನ್ನು ಬಿಟ್ಟು ಹೋಗಲು ಒಪ್ಪದೆ ನನ್ನ ಜೊತೆಗೇ ಬಸ್ಸಿಗೆ ಹಾಕಿಸಿದಳು. ಅದು ತುಂಬಿದೆ, ಒಳಗೆ ಅವಲಕ್ಕಿಯೂ ಇದೆ, ಭಾರವಾಗಿದೆ, ಮತ್ತು ಸವಳಂಗದಿಂದ ಹೊನ್ನಾಳಿ ದಾಟಿ ಜಗಳೂರಿನವರೆಗೂ ಅದು ತಮ್ಮ ಬೆನ್ನಿನ ಮೇಲೆ ಬರುತ್ತದೆ ಎಂದು ತಿಳಿಸಲು ಬಹಳ ಸಂತೋಷಪಡುತ್ತೇನೆ.

ಮಂದೆ ನಾಳೆ ಬೆಳಿಗ್ಗೆ ಹೊರಡುತ್ತದೆ. ನಾನೂ ಹೊರಡುತ್ತೇನೆ.